ಗಂಟೆ ಕೇಳುವ ಮನೆ

ಮಹಾಗಣಪತಿ ನಾಯ್ಕನ ತಲೆ ಕೆಡಲು ಕಾರಣವಾದದ್ದು ಒಂದು ಪುಟ್ಟ ಕನ್ನಡಕ.

ಹೊನ್ನಾವರ ಬಸ್‌ಸ್ಟ್ಯಾಂಡಿನ ಹಿಂದಿರುವ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ಅವನ ಕೆಲಸ. ಒಂದು ಸಂಜೆ ಅಪ್ಪನ ಜೊತೆ ಬಂದ ಮೂರನೇ ಕ್ಲಾಸಿನ ಹುಡುಗಿಯೊಂದು ಅವನ ಕೈಯನ್ನೇ ನೋಡುತ್ತ ನಿಂತಿತ್ತು. ಆಮೇಲೆ ಮೆಲ್ಲಗೆ, "ಅಂಕಲ್, ಈ ಗಾಜು ನಡುವೆ ತೆಳು, ಅಂಚಲ್ಲಿ ದಪ್ಪ. ಹಂಗಾರೆ ನಂಗೆ ದೂರದ್ದು ಸಮಾ ಕಾಣೂದಿಲ್ಲ, ಅಲ್ವಾ?" ಎಂದಿತು.

ಮಹಾಗಣಪತಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಇಷ್ಟು ವರ್ಷಗಳಲ್ಲಿ ಅವನು ವಕೀಲರಿಗೆ, ಇಂಜಿನಿಯರರಿಗೆ, ಒಬ್ಬ ಡಾಕ್ಟರರಿಗೂ ಗಾಜು ಕೂರಿಸಿ ಕೊಟ್ಟಿದ್ದ. ಅವರಲ್ಲಿ ಯಾರೂ ಗಾಜಿನ ಅಂಚು ನೋಡಿದವರಲ್ಲ. ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ಹೋದವರೇ ಎಲ್ಲ. "ಯಾವ ಶಾಲೆ ಮಗಾ ನೀನು?" ಎಂದು ಕೇಳುವಾಗ ಅವನ ದನಿ ದೇವಸ್ಥಾನದೊಳಗೆ ಮಾತಾಡುವವರ ಹಾಗೆ ತಗ್ಗಿಹೋಗಿತ್ತು.

"ಕುಮಟೆಯ ಚೂಡಾಮಣಿ," ಎಂದಿತು ಹುಡುಗಿ.

ಅಂದಿನಿಂದ ಅವನು ಗಮನಿಸತೊಡಗಿದ. ಕುಮಟೆಯಿಂದ ಕನ್ನಡಕಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ವಿದ್ಯಾಚೂಡಾಮಣಿ ಶಾಲೆಯವರೇ. ಬೇರೆ ಯಾರಾದರೂ ಆಗಿದ್ದರೆ ಆ ಶಾಲೆಯ ಕೋಣೆಗಳಲ್ಲಿ ಬೆಳಕು ಕಮ್ಮಿಯೇನೋ ಎಂದು ಅನುಮಾನ ಪಡುತ್ತಿದ್ದರು. ಮಹಾಗಣಪತಿ ಆ ಜಾಯಮಾನದವನಲ್ಲ. ಇಷ್ಟು ಸಣ್ಣ ಪ್ರಾಯಕ್ಕೆ ಕಣ್ಣು ಸವೆಯಬೇಕಾದರೆ ಈ ಮಕ್ಕಳು ಎಷ್ಟು ಓದಿರಬೇಕು ಎಂದು ಅವನು ಬೆರಗಾದ. ಅವನ ಮಗಳು ಧನ್ಯಾ ಬರುವ ಜೂನಿಗೆ ಒಂದನೇ ಕ್ಲಾಸು. ಅವಳನ್ನು ಚೂಡಾಮಣಿಗೆ ಸೇರಿಸದಿದ್ದರೆ ತಾನು ಅಪ್ಪನಾದದ್ದೇ ದಂಡ ಎಂದು ತೀರ್ಮಾನಿಸಿಬಿಟ್ಟ.

ಆದರೆ ಸೇರಿಸುವುದು ಸುಲಭವಿರಲಿಲ್ಲ. ಆ ಶಾಲೆ ಕಟ್ಟಿದ ತಿಮ್ಮಪ್ಪ ಮಾಸ್ತರರು ಹಿಂದಿನ ಕಾಲದವರು. ಊರಲ್ಲಿ ಗಡಿಯಾರವಿದ್ದ ಮನೆಗಳೇ ಅಪರೂಪವಾಗಿದ್ದಾಗ ಒಡೆದ ಹಡಗೊಂದರ ಕಂಚಿನ ಗಂಟೆಯನ್ನು ಎಲ್ಲಿಂದಲೋ ತಂದು ಶಾಲೆಯ ಜಗಲಿಗೆ ಕಟ್ಟಿಸಿ, ಈ ಗಂಟೆಯ ಸದ್ದು ಯಾವ ಮನೆಯ ಅಂಗಳಕ್ಕೆ ಕೇಳುತ್ತದೋ ಆ ಮನೆಯ ಮಕ್ಕಳಿಗೆ ಮೊದಲ ಜಾಗ ಎಂದು ನೇಮ ಮಾಡಿದ್ದರು. ಗಂಟೆ ಕೇಳಿದ ಮೇಲೂ ತಡವಾಗಿ ಬಂದವರಿಗೆ ಬೆತ್ತ ಬೀಸಲು ಅನುಕೂಲ ಎಂಬುದು ಅವರ ಎಣಿಕೆ. ಮಾಸ್ತರರು ಹೋದರು, ಬೆತ್ತವೂ ಹೋಯಿತು, ಮನೆಮನೆಗೆ ಗಡಿಯಾರ ಬಂದು ಅದರ ಬೆನ್ನಿಗೆ ಮೊಬೈಲೂ ಬಂತು. ನೇಮ ಮಾತ್ರ ಹಾಗೇ ಉಳಿಯಿತು. ಮೊದಲ ಜಾಗ ಹಂಚಿ ಮುಗಿಯುವಷ್ಟರಲ್ಲಿ ಎರಡನೆಯ ಜಾಗ ಎಂಬುದೇ ಇರುತ್ತಿರಲಿಲ್ಲ.

ಹಾಗಾಗಿ ಆ ಭಾಗದಲ್ಲಿ ಮನೆಗೆ ಬೆಲೆ ಕಟ್ಟುವ ಕ್ರಮವೇ ಬೇರೆಯಾಗಿತ್ತು. ಬಾವಿ, ಬಚ್ಚಲು, ವಾಸ್ತು ಎಲ್ಲ ಆಮೇಲಿನ ಮಾತು. ಗಂಟೆ ನಿಚ್ಚಳವಾಗಿ ಕೇಳಿದರೆ ಅದು ಗಂಟೆ ಮನೆ. ಅದರ ಬೆಲೆ ಕೇಳಿ ಮಹಾಗಣಪತಿಯಂಥವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಬರುತ್ತಿದ್ದರು. ಏನೂ ಕೇಳದಿದ್ದರೆ ಅದು ಕಿವುಡು ಮನೆ. ಸೂರು ಚಿನ್ನದ್ದೇ ಆಗಿದ್ದರೂ ಕಿವುಡು ಮನೆಯನ್ನು ಮಕ್ಕಳೊಂದಿಗರು ಮೂಸಿಯೂ ನೋಡುತ್ತಿರಲಿಲ್ಲ. ಮಹಾಗಣಪತಿಗೆ ಈ ಕ್ರಮ ತಿಳಿದಾಗ ಸಿಟ್ಟು ಬರಲಿಲ್ಲ, ಭಕ್ತಿ ಇನ್ನೂ ಹೆಚ್ಚಾಯಿತು. ಸದ್ದಿನಿಂದಲೇ ಗೋಡೆಗೆ ಬೆಲೆ ತರುವ ಶಾಲೆ ಒಳಗೆ ಕೂತ ಮಕ್ಕಳಿಗೆ ಇನ್ನೆಂಥ ಬೆಲೆ ತಂದೀತು ಎಂದು ಅವನು ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಹತ್ತಿರ ಹೇಳಿದ.

ಹೆಂಡತಿ ಪವಿತ್ರಾಳಿಗೆ ಈ ಭಕ್ತಿ ತಟ್ಟಿರಲಿಲ್ಲ. ಅವಳು ಹಳದೀಪುರದಲ್ಲಿ ಒಂದು ಮನೆ ನೋಡಿಟ್ಟಿದ್ದಳು. ಸಿಹಿನೀರ ಬಾವಿ, ಕಾಯಿ ಬಿಡುವ ತೆಂಗಿನ ಮರಗಳು, ಗೇಟು ದಾಟಿದರೆ ಬಸ್ಸು. ಅಲ್ಲಿಯ ಸರ್ಕಾರಿ ಶಾಲೆಯ ಅಕ್ಕೋರು ಮಕ್ಕಳಿಗೆ ಹಾಡು ಕಟ್ಟಿ ಮಗ್ಗಿ ಕಲಿಸುವುದನ್ನೂ ಅವಳು ಕಿಟಕಿಯಿಂದ ಇಣುಕಿ ನೋಡಿ ಬಂದಿದ್ದಳು.

"ಅ ಆ ಇ ಈ ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ," ಎಂದಳು. "ಮನೆ ತಗೊಳೂದು ಇರೂಕೆ. ಗಂಟೆ ಕೇಳ್ತಾ ಕೂತ್ಕಳೂಕಲ್ಲ."

"ನಿಂಗೆ ಗೊತ್ತಿಲ್ಲ. ಆ ಮಕ್ಕಳು ಮೂರನೇ ಕ್ಲಾಸಿಗೇ ಗಾಜಿನ ಅಂಚು ನೋಡ್ತಾವೆ."

"ನಮ್ಮದರ ಕಣ್ಣು ಸಮಾ ಅದೆ. ಅದಕ್ಕೆಂತಕ್ಕೆ ಗಾಜು?"

ಕೊನೆಗೆ ಒಂದು ರಾಜಿಯಾಯಿತು. ಹಳದೀಪುರದ ಮನೆಯವರು ಗುರುವಾರ ಸಂಜೆಯವರೆಗೆ ಕಾಯುತ್ತೇವೆ ಎಂದಿದ್ದರು. ಅಷ್ಟರೊಳಗೆ ಕುಮಟೆಯಲ್ಲಿ ಕೈಗೆಟಕುವ ಗಂಟೆ ಮನೆ ಸಿಕ್ಕರೆ ಸರಿ, ಇಲ್ಲದಿದ್ದರೆ ಸೊಲ್ಲೆತ್ತದೆ ಹಳದೀಪುರ. ಮಹಾಗಣಪತಿ ಗುರುವಾರ ಅಂಗಡಿಗೆ ರಜೆ ಹಾಕಿ, ಮುಂಗಡದ ಹಣವನ್ನು ಅಂಗಿಯ ಒಳಜೇಬಿಗೆ ಸೇರಿಸಿ ಪಿನ್ನು ಚುಚ್ಚಿಕೊಂಡು ಬೆಳಗಿನ ಬಸ್ಸು ಹತ್ತಿದ.

ಕುಮಟೆಯಲ್ಲಿ ಅವನನ್ನು ಎದುರುಗೊಂಡವನು ದಲ್ಲಾಳಿ ಪ್ರವೀಣ. ಮಹಾಗಣಪತಿಯ ಜೇಬಿಗೆ ಒಗ್ಗುವ ಮನೆಗಳೆಲ್ಲ ಗಂಟೆಗೆ ಒಗ್ಗದವು ಎಂಬುದು ಅವನಿಗೆ ಗೊತ್ತಿತ್ತು. ಆದರೂ ಬಂದ ಗಿರಾಕಿಯನ್ನು ಬಿಸಿಲಲ್ಲಿ ನಿಲ್ಲಿಸುವ ಮನಸ್ಸಿಲ್ಲದೆ ಬೈಕಿನ ಹಿಂದೆ ಕೂರಿಸಿಕೊಂಡು ರೈಲು ಹಳಿಯ ಸಮೀಪದ ಒಂದು ಕೇರಿಗೆ ಕರೆದುಕೊಂಡು ಹೋದ. ಅಲ್ಲಿ ಮಂಗಲಕ್ಕ ಎಂಬಾಕೆಯ ಮನೆ ಮಾರಾಟಕ್ಕಿತ್ತು. ಕೆಂಪು ಹೆಂಚು, ಅಗಲ ಜಗಲಿ, ಕೈ ಹಾಕಿದರೆ ಸಿಗುವಷ್ಟು ಮೇಲೆ ನೀರಿರುವ ಬಾವಿ. ಮಂಗಲಕ್ಕ ಗಂಡ ತೀರಿಕೊಂಡ ಮೇಲೆ ಅಂಕೋಲೆಯ ತಂಗಿಯ ಮನೆಯ ಪಕ್ಕ ಹೋಗಿ ಇರುವುದೆಂದು ಗಂಟು ಕಟ್ಟಿಟ್ಟಿದ್ದಳು.

"ಮನೆ ಬಂಗಾರದಂಗದೆ," ಎಂದ ಪ್ರವೀಣ. "ಗಂಟೆ ಒಂದು ಕೇಳೂದಿಲ್ಲ, ಅಷ್ಟೇ. ಈ ಕೇರಿನೇ ಕಿವುಡು."

"ನಾ ಮದುವೆಯಾಗಿ ಬಂದಾಗಿಂದ ಇಲ್ಲಿ ಗಂಟೆ ಕೇಳಿದ್ದಿಲ್ಲ ತಮ್ಮಾ," ಎಂದಳು ಮಂಗಲಕ್ಕನೂ. ಸುಳ್ಳು ಹೇಳುವ ಹೆಂಗಸಲ್ಲ ಅದು. "ಬೇಕಾದ್ರೆ ಈಗ್ಲೇ ಮುಂಗಡ ಕೊಟ್ಟು ಮಾತು ಮುಗ್ಸು. ನಂಗೂ ಹೋಗೂ ಅರ್ಜೆಂಟು ಅದೆ."

ಮಹಾಗಣಪತಿ ಒಳಜೇಬು ಮುಟ್ಟಿಕೊಂಡ. ಆದರೆ ಪಿನ್ನು ತೆಗೆಯಲಿಲ್ಲ. ಬಾವಿಕಟ್ಟೆ ಹತ್ತಿ ಪಡುವಣಕ್ಕೆ ನೋಡಿದ. ತೆಂಗಿನ ತಲೆಗಳ ಆಚೆ ಚೂಡಾಮಣಿ ಶಾಲೆಯ ಧ್ವಜದ ಕಂಬ ಕಾಣುತ್ತಿತ್ತು. ಕಂಬ ಕಾಣುವಷ್ಟು ಹತ್ತಿರವಿರುವ ಕೇರಿಗೆ ಗಂಟೆ ಯಾಕೆ ಕೇಳಬಾರದು? ಗಂಟೆ ಕೇಳದ ಮನೆಗೆ ಕಣ್ಣುಮುಚ್ಚಿ ಮುಂಗಡ ಕೊಡುವಷ್ಟು ಪೆದ್ದ ತಾನಲ್ಲ ಎಂದು ಅವನಿಗೆ ತನ್ನ ಮೇಲೇ ಅಭಿಮಾನ ಮೂಡಿತು. "ಒಂದ್ ಸಲ ಕೇಳಿ ನೋಡ್ವಾ ಅಕ್ಕಾ. ಬೆಳಗಿನ ಗಂಟೆ ಹೊಡೂ ಹೊತ್ತಾತು," ಎಂದ.

ಮೂವರೂ ಅಂಗಳದಲ್ಲಿ ನಿಂತರು. ಆ ಹೊತ್ತಿನಲ್ಲಿ ಮಹಾಗಣಪತಿಗೆ ಗಂಟೆಯೊಂದನ್ನು ಬಿಟ್ಟು ಲೋಕದ ಸದ್ದೆಲ್ಲ ಕೇಳಿತು. ಕೇರಿಯ ಮೂಲೆಯಲ್ಲಿ ಸಂಜಯನ ಹಿಟ್ಟಿನ ಗಿರಣಿ ಹೊಟ್ಟೆನೋವು ಬಂದವರ ಹಾಗೆ ನರಳುತ್ತಿತ್ತು. ಪಕ್ಕದ ಮನೆಯ ಲಕ್ಕಿ ಮಿಕ್ಸರಿಗೆ ತೆಂಗಿನಕಾಯಿ ಹಾಕಿ ತಿರುಗಿಸಿದಳು. ಮೀನಿನವನು ಸ್ಕೂಟರಿನ ಹಾರ್ನು ಒತ್ತುತ್ತಲೇ ಬಂದ, ಅವನಿಗೆ ಕೇರಿಯ ನಾಯಿಗಳೆಲ್ಲ ಒಟ್ಟಾಗಿ ಉತ್ತರ ಕೊಟ್ಟವು. ಅಷ್ಟು ಸಾಲದೆಂದು ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಬೀಸುತ್ತ ಇದ್ದಬದ್ದ ಸದ್ದನ್ನೂ ಕಡಲಿಗೆ ದಬ್ಬುತ್ತಿತ್ತು.

ಅಲ್ಲೇ ಅವನಿಗೆ ಬೆಳಕು ಹರಿಯಿತು. ಮಧ್ಯಾಹ್ನ ತಿರುಗಿದ ಮೇಲೆ ಗಾಳಿ ಕಡಲಿಂದ ಏಳುತ್ತದೆ, ಇದನ್ನು ಕರಾವಳಿಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆ ಕಡಲ ದಿಕ್ಕಿಗಿದೆ. ಅಂದರೆ ಶಾಲೆ ಬಿಡುವಾಗ ಹೊಡೆಯುವ ಗಂಟೆಯನ್ನು ಗಾಳಿಯೇ ಹೊತ್ತು ತಂದು ಈ ಅಂಗಳದಲ್ಲಿ ಇಳಿಸಬೇಕು. ಕೇರಿ ಕಿವುಡಲ್ಲ, ಕೇರಿಗೆ ಬಾಯಿ ಜಾಸ್ತಿ.

"ಆ ಹೊತ್ತಿಗೆ ಕೇರಿ ಬಾಯಿ ಮುಚ್ಕಂಡ್ರೆ ಕೇಳ್ಲೇಬೇಕು," ಎಂದ ಮಹಾಗಣಪತಿ.

"ಈ ಕೇರಿ ಬಾಯಿ ಮುಚ್ಚೂದಾ?" ಎಂದು ಪ್ರವೀಣ ನಕ್ಕ. ಆದರೂ ಮಹಾಗಣಪತಿಯ ಒತ್ತಾಯಕ್ಕೆ ಶಾಲೆಯ ಜಯಶ್ರೀ ಅಕ್ಕೋರಿಗೆ ಫೋನು ಮಾಡಿದ. ಯಾವ ಮನೆಗೆ ಗಂಟೆ ಕೇಳುತ್ತದೆ, ಯಾವುದಕ್ಕೆ ಇಲ್ಲ ಎಂದು ಅಂಗಳದಲ್ಲೇ ನಿಂತು ತೀರ್ಪು ಕೊಡುವವರು ಅವರೇ. ಅವರ ಕಿವಿಗೆ ಕೇಳಿದರೆ ಕೇಳಿದಂತೆ. ಅದೃಷ್ಟಕ್ಕೆ ಅಕ್ಕೋರು ಅವತ್ತು ಸಂಜೆಯೇ ಬರುತ್ತೇನೆಂದರು. ಮಹಾಗಣಪತಿ ಪವಿತ್ರಾಳಿಗೂ ಫೋನು ಮಾಡಿ, ಮಗಳನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದುಬಿಡು ಎಂದ.

ಆಮೇಲೆ ಅವನು ಮಾಡಿದ ಮೊದಲ ಕೆಲಸ ಗಿರಣಿಗೆ ಹೋದದ್ದು. ಹುಬ್ಬಿಗೂ ಮೀಸೆಗೂ ಹಿಟ್ಟು ಕೂತಿದ್ದ ಸಂಜಯನಿಗೆ ಕೂಗಿ ಕೂಗಿ ವಿಷಯ ತಿಳಿಸಿದ.

"ಗಿರಣಿ ನಿಲ್ಸೂದಾ? ಎಂತಕ್ಕೆ?" ಎಂದು ಸಂಜಯನೂ ಕೂಗಿದ.

"ಶಾಲೆ ಗಂಟೆ ಕೇಳೂಕೆ. ಮಗಳ ಸೀಟಿಗೆ."

"ಈ ಕೇರಿಗೆ ಗಂಟೆ ಕೇಳ್ತದ್ಯಾ?"

"ಕಡಲ ಗಾಳಿ ಬಂದ್ರೆ ಕೇಳ್ಲೇಬೇಕು."

ಸಂಜಯ ಒಂದು ಕ್ಷಣ ಅವನನ್ನೇ ನೋಡಿದ. ಹಿಂದೆಯೇ ಬಂದು ಕಿವಿ ಕೊಟ್ಟಿದ್ದ ಲಕ್ಕಿಯ ಕಡೆ ನೋಡಿದ. ಆಮೇಲೆ ಅರ್ಧ ಬೀಸಿದ ಅಕ್ಕಿಯನ್ನು ಹಾಗೇ ಬಿಟ್ಟು ಗಿರಣಿಯ ಸ್ವಿಚ್ಚು ಆರಿಸಿದ. "ಮಕ್ಕಳ ವಿದ್ಯೆಗೆ ಅಂದ್ರೆ ಇಲ್ಲ ಹೇಳೂಕಾತದ್ಯಾ? ಸಂಜೆವರೆಗೂ ಇವತ್ತು ಗಿರಣಿ ಬಂದ್," ಎಂದ.

ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಯಾರದೋ ಮಗುವಿನ ಓದಿಗಾಗಿ ಒಬ್ಬ ಮನುಷ್ಯ ದಿನದ ಸಂಪಾದನೆ ಬಿಡುತ್ತಾನೆ ಎಂದರೆ ಇದು ಸಾಧಾರಣ ಊರಲ್ಲ. ಶಾಲೆಯ ಪ್ರಭಾವ ಹಳಿಯವರೆಗೂ ಹರಿದು ಬಂದಿದೆ ಎಂದುಕೊಂಡ ಮಹಾಗಣಪತಿ.

ಮಧ್ಯಾಹ್ನದ ಊಟದ ಗಂಟೆಯ ಹೊತ್ತಿಗೆ ಮಂಗಲಕ್ಕನ ಅಂಗಳದಲ್ಲಿ ಕೇರಿಯ ಅರ್ಧ ಜನ ಸೇರಿದ್ದರು. ಗಾಳಿ ಇನ್ನೂ ತಿರುಗಿರಲಿಲ್ಲ, ಆದರೆ ಬೀಸುವುದು ನಿಂತಿತ್ತು. ಎಲ್ಲರೂ ಪಡುವಣಕ್ಕೆ ಕಿವಿ ಕೊಟ್ಟು ಕತ್ತು ವಾಲಿಸಿ ನಿಂತರು. ಸ್ವಲ್ಪ ಹೊತ್ತಿಗೆ ಸಣ್ಣಗೆ, ಟಣ್ ಎಂದಿತು.

"ಕೇಳ್ತು," ಎಂದ ಸಂಜಯ ಪಿಸುಗುಟ್ಟಿ.

ಮತ್ತೆ ಟಣ್ ಟಣ್ ಎಂದಿತು. ಲಕ್ಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮಹಾಗಣಪತಿಗೆ ಮೈ ನವಿರೆದ್ದಿತು. ಟಣ್ ಟಣ್ ಎಂಬುದು ನಿಲ್ಲಲೇ ಇಲ್ಲ. ಊಟಕ್ಕೆ ಇಷ್ಟೊಂದು ಹೊಡೆಯುತ್ತಾರೆಯೇ ಎಂದು ಯಾರೋ ಕೇಳುವಷ್ಟರಲ್ಲಿ ಸದ್ದು ಇನ್ನೂ ಹತ್ತಿರ ಬಂತು, ಬೇಲಿಯ ಪಕ್ಕಕ್ಕೆ ಬಂತು, ಕೊನೆಗೆ ಬಾಳೆಯ ಮರೆಯಿಂದ ಲಕ್ಕಿಯ ದನ ಕೊರಳ ಗಂಟೆ ಆಡಿಸುತ್ತ ಅಂಗಳಕ್ಕೆ ಕಾಲಿಟ್ಟಿತು. ಇಷ್ಟು ಜನ ತನ್ನನ್ನು ಎದುರುಗೊಳ್ಳಲು ನಿಂತಿದ್ದನ್ನು ಕಂಡು ಅದಕ್ಕೂ ಆಶ್ಚರ್ಯವಾದಂತಿತ್ತು.

ಆ ಗಂಟೆಯನ್ನು ಬಿಚ್ಚಲೇಬೇಕಾಯಿತು. ತನ್ನ ಮಗಳ ಕೆಲಸಕ್ಕೆ ಬೇರೆಯವರ ಕೈ ಸವೆಸುವುದು ಸರಿಯಲ್ಲ ಎಂದು ಮಹಾಗಣಪತಿಯೇ ಮುಂದೆ ಹೋದ. ಕನ್ನಡಕದ ಎಳ್ಳುಕಾಳಿನಷ್ಟು ತಿರುಪನ್ನು ಬಿಚ್ಚುವ ಬೆರಳಿಗೆ ದನದ ಕೊರಳ ಹಗ್ಗ ಎಂಥದು ಎಂಬುದು ಅವನ ಧೈರ್ಯ. ದನಕ್ಕೆ ಅವನ ಪರಿಚಯವಿರಲಿಲ್ಲ. ಅದು ತಲೆ ಕೊಡವಿ ಓಡಿತು, ಹಗ್ಗಕ್ಕೆ ಬೆರಳು ಸಿಕ್ಕಿಕೊಂಡಿದ್ದರಿಂದ ಅವನೂ ಓಡಿದ. ಇಬ್ಬರೂ ಲಕ್ಕಿಯ ಬಸಳೆ ಚಪ್ಪರದ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬಂದರು. ದನ ಬರೀ ಕೊರಳಲ್ಲಿ ಬಂತು, ಮಹಾಗಣಪತಿ ಕೈಯಲ್ಲಿ ಗಂಟೆ ಹಿಡಿದು ಕೊರಳಿಗೆ ಬಸಳೆಬಳ್ಳಿ ಸುತ್ತಿಕೊಂಡು ಬಂದ. ಅಂಗಿಯ ತೋಳು ಚಪ್ಪರದಲ್ಲೇ ಉಳಿಯಿತು.

ಲಕ್ಕಿ ಚಪ್ಪರ ನೋಡಿ ಬಾಯಿ ತೆರೆದಳು, ಹಾಗೇ ಮುಚ್ಚಿದಳು. "ಹೋಗ್ಲಿ ಬಿಡು ತಮ್ಮಾ. ಬಸಳೆ ಮತ್ತೆ ಚಿಗರ್ತದೆ. ನಿಂಗೆ ಎಂತಾರೂ ಆತಾ?" ಎಂದು ಅವನ ಮೊಣಕೈಗೆ ಅರಿಸಿನ ಹಚ್ಚಿದಳು. ಮೊಣಕೈ ಉರಿದರೂ ಮಹಾಗಣಪತಿಗೆ ತನ್ನ ಸ್ವಂತ ಅಕ್ಕನೂ ಇಷ್ಟು ಮಾಡಲಾರಳು ಅನ್ನಿಸಿತು.

ಆಮೇಲೆ ಅವನು ಏನನ್ನೂ ಕೇಳಬೇಕಾಗಲಿಲ್ಲ. ಕೇರಿಯೇ ಸೊಂಟ ಕಟ್ಟಿ ನಿಂತಿತು. ನಾಯಿಗಳಿಗೆ ಒಣಮೀನಿನ ಆಸೆ ತೋರಿಸಿ ಹಳಿಯ ಆಚೆಗೆ ಕರೆದೊಯ್ದರು. ಹುಂಜವನ್ನು ಬುಟ್ಟಿಯಡಿ ಕವುಚಿ ಮೇಲೆ ಕಂಬಳಿ ಹೊದಿಸಿ ರಾತ್ರಿಯಾಯಿತೆಂದು ನಂಬಿಸಿದರು. ಸಂಜಯನ ಅಪ್ಪನಿಗೆ ವರ್ಷಗಳಿಂದ ಬಿಡದ ಕೆಮ್ಮು, ಅವನ ಬಾಯಿಗೆ ಕಲ್ಲುಸಕ್ಕರೆ ತುಂಬಿ ಮಂಚದ ಮೇಲೆ ಮಲಗಿಸಿದರು. ಮಿಕ್ಸರು, ಟಿವಿ, ಪಂಪು ಎಲ್ಲ ಬಂದಾದವು. ಕೇರಿಯ ಎರಡೂ ತುದಿಯಲ್ಲಿ ಹೆಂಗಸರು ನಿಂತು ಬಂದ ಬೈಕುಗಳನ್ನೆಲ್ಲ ತಳ್ಳಿಕೊಂಡು ಹೋಗುವಂತೆ ಹೇಳಿದರು. ಯಾರ ಮೊಬೈಲೂ ಕಿರುಚಬಾರದೆಂದು ಎಲ್ಲವನ್ನೂ ಆರಿಸಿ ಮಂಗಲಕ್ಕನ ಮೊರದಲ್ಲಿ ರಾಶಿ ಹಾಕಿದರು. ಅಷ್ಟರಲ್ಲಿ ಬಂದು ತಲುಪಿದ ಪವಿತ್ರಾಳ ಮೊಬೈಲೂ ಮೊರ ಸೇರಿತು.

ಪವಿತ್ರಾ ಗಂಡನ ಹರಿದ ತೋಳನ್ನು, ಕೊರಳಲ್ಲಿ ಇನ್ನೂ ಅಂಟಿದ್ದ ಬಸಳೆ ಎಲೆಯನ್ನು ನೋಡಿದಳು. "ಎಂತ ಅವಸ್ಥೆ ಇದು?" ಎಂದಳು.

"ಇಂಥ ಜನರ ಮಧ್ಯೆ ನಮ್ಮ ಧನ್ಯಾ ಬೆಳಿತದೆ ನೋಡು," ಎಂದ ಮಹಾಗಣಪತಿ. ಅವನ ಕಣ್ಣು ಹೊಳೆಯುತ್ತಿತ್ತು. "ಹಳದೀಪುರದಲ್ಲಿ ಯಾರು ನಿಂಗಾಗಿ ಗಿರಣಿ ನಿಲ್ಸ್ತಾರೆ?"

ಪವಿತ್ರಾ ಬಾವಿ ನೋಡಿದಳು, ಜಗಲಿ ನೋಡಿದಳು, ಅಡುಗೆಮನೆಗೆ ಹೋಗಿ ಬಂದಳು. ಮನೆ ಅವಳಿಗೂ ಮನಸ್ಸಿಗೆ ಬಂತು. "ಹಳದೀಪುರದ ಬೆಲೆಗ್ಯಾ ಇದು?" ಎಂದು ಗಂಡನ ಕಿವಿಯಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವಳ ಮುಖದ ಗಂಟು ಆಗ ಮೊದಲ ಸಲ ಸಡಿಲವಾಯಿತು.

ಶಾಲೆ ಬಿಡುವ ಹೊತ್ತು ಸಮೀಪಿಸಿತು. ಜಯಶ್ರೀ ಅಕ್ಕೋರು ಕೊಡೆ ಹಿಡಿದು ನಡೆದೇ ಬಂದರು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಯಾರು ಕೊಟ್ಟ ಎಳನೀರನ್ನೂ ಮುಟ್ಟದೆ ಅಂಗಳದ ನಡುವೆ ಹೋಗಿ ನಿಂತು ಕೊಡೆ ಮಡಚಿ ಕಣ್ಣು ಮುಚ್ಚಿದರು. ಕೇರಿಯೂ ಉಸಿರು ಬಿಗಿ ಹಿಡಿಯಿತು.

ಆಗಲೇ ಒಳಗಿನಿಂದ ಸಣ್ಣಗೆ ಬುಸುಗುಡುವ ಸದ್ದು ಬಂತು. ಸಂಜೆಗೆ ಬಂದವರಿಗೆಲ್ಲ ಏನಾದರೂ ಮಾಡಿ ಕೊಡೋಣವೆಂದು ಮಂಗಲಕ್ಕ ಕುಕ್ಕರಿನಲ್ಲಿ ಕಡಲೆ ಇಟ್ಟು ಮರೆತಿದ್ದಳು. ಇನ್ನೊಂದು ಕ್ಷಣದಲ್ಲಿ ಅದು ಸೀಟಿ ಹೊಡೆಯುತ್ತದೆ ಎಂಬುದು ಅಂಗಳದಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಾಯಿತು. ಆದರೆ ಓಡಿದರೆ ಕಾಲಿನ ಸದ್ದು. ಮಹಾಗಣಪತಿ ಕಳ್ಳಬೆಕ್ಕಿನ ಹಾಗೆ ತುದಿಗಾಲಲ್ಲಿ ಹೋಗಿ, ಗ್ಯಾಸು ಆರಿಸಿ, ಹಿಡಿಯುವ ಬಟ್ಟೆ ಕಾಣದೆ ಬರಿಗೈಯಲ್ಲೇ ಕುಕ್ಕರನ್ನು ಎತ್ತಿ ಬಚ್ಚಲ ನೀರಿನ ಬಾನಿಯಲ್ಲಿ ಇಳಿಸಿದ. ಕೈ ಸುಟ್ಟಾಗ ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದ. ಹತ್ತೂ ಬೆರಳನ್ನು ಬಾಯಿಂದ ಊದುತ್ತ ಅಂಗಳಕ್ಕೆ ಮರಳಿದಾಗ ಅಕ್ಕೋರು ಇನ್ನೂ ಕಣ್ಣು ತೆರೆದಿರಲಿಲ್ಲ.

ಅಷ್ಟರಲ್ಲಿ ನೆಲ ನಡುಗಿತು. ಲಾರಿಗಳನ್ನು ಬೆನ್ನ ಮೇಲೆ ಹೊತ್ತ ಉದ್ದದ ರೈಲೊಂದು ಮಂಗಳೂರಿನ ಕಡೆಯಿಂದ ಬಂದು ಕೇರಿಯ ಬೆನ್ನಿಗೆ ಹಾಯತೊಡಗಿತು. ಒಂದರ ಹಿಂದೆ ಒಂದು ಲಾರಿ, ಮುಗಿಯುವ ಲಕ್ಷಣವೇ ಇಲ್ಲ. ಎಲ್ಲರಿಗೂ ಹೇಳಿ ಮುಗಿಸಿದ್ದ ಮಹಾಗಣಪತಿಗೆ ರೈಲಿಗೆ ಹೇಳುವುದು ಬಾಕಿಯಾಗಿತ್ತು. ಅವನು ಕೈ ಮುಗಿದುಕೊಂಡು ನಿಂತ. ಮಗಳ ಜನ್ಮವೆಲ್ಲ ಈ ಲಾರಿಗಳ ಹಿಂದೆ ಹೋಗುತ್ತಿದೆ ಅನ್ನಿಸಿತು. ಸಂಜಯ ಹಳಿಯ ಕಡೆ ನೋಡಿ ಹಲ್ಲು ಕಡಿದ, ಲಕ್ಕಿ ದೇವರಿಗೆ ಏನನ್ನೋ ಹರಕೆ ಹೇಳಿಕೊಂಡಳು.

ಕೊನೆಯ ಲಾರಿ ದಾಟಿತು. ಗಡಗಡ ಎಂಬುದು ಮಿರ್ಜಾನಿನ ಕಡೆಗೆ ಸರಿಯುತ್ತ ಸಣ್ಣದಾಗಿ ಇಲ್ಲವಾಯಿತು. ಅದರ ಹಿಂದೆ ಬಂದ ಮೌನದಂಥ ಮೌನವನ್ನು ಆ ಕೇರಿ ಹಿಂದೆಂದೂ ಕಂಡಿರಲಿಲ್ಲ. ತೆಂಗಿನ ಗರಿ ಗರಿಗೆ ತಾಗುವುದು ಕೇಳಿತು. ಬಾವಿಯೊಳಗೆ ಹನಿ ಬೀಳುವುದು ಕೇಳಿತು. ಎಲ್ಲೋ ಬಹಳ ದೂರದಲ್ಲಿ ಕಡಲು ಉಸಿರಾಡುವುದೂ ಕೇಳಿತು. ಇಷ್ಟೆಲ್ಲ ಯಾವಾಗಲೂ ಇಲ್ಲೇ ಇತ್ತೇ ಎಂದು ಮಂಗಲಕ್ಕ ತನ್ನ ಮನೆಯನ್ನೇ ಹೊಸದಾಗಿ ನೋಡತೊಡಗಿದಳು. ಕಡಲ ಗಾಳಿ ಎದ್ದು ಅವರ ಮುಖಗಳನ್ನು ಸವರಿತು, ಆ ಗಾಳಿಯ ಮೇಲೆ ಕೂತು ಗಂಟೆ ಬಂತು.

ಅದು ದನದ ಗಂಟೆಯ ಹಾಗೆ ಚಿಲ್ಲರೆ ಸದ್ದಲ್ಲ. ದುಂಡಗೆ, ತಂಪಾಗಿ, ಒಂದು ಮುಗಿದು ಅದರ ಗುಂಯ್ ಎಂಬುದು ಪೂರ್ತಿ ಆರಿದ ಮೇಲೆಯೇ ಇನ್ನೊಂದು. ಹಡಗಿನಲ್ಲಿ ಸಮುದ್ರ ನೋಡಿದ್ದ ಕಂಚು ಅದು. ಮಹಾಗಣಪತಿಯ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಸುಟ್ಟ ಕೈ ಬರಲಿಲ್ಲ.

"ಅಪ್ಪಾ, ಕೇಳ್ತು," ಎಂದಳು ಧನ್ಯಾ.

ಜಯಶ್ರೀ ಅಕ್ಕೋರು ಕಣ್ಣು ತೆರೆದರು. "ಶಾಲೆ ಜಗಲಿಯಲ್ಲಿ ನಿಂತರೂ ಈ ಗಂಟೆ ನನಗೆ ಇಷ್ಟು ಚಂದ ಕೇಳಿದ್ದಿಲ್ಲ," ಎಂದರು. ಆಮೇಲೆ ಕೊಡೆ ಬಿಚ್ಚಿ, "ಈ ಮನೆ ಅಷ್ಟೇ ಅಲ್ಲ, ಈ ಇಡೀ ಕೇರಿಗೆ ಗಂಟೆ ಕೇಳ್ತದೆ. ನಾನು ಇವತ್ತೇ ಹೆಡ್‌ಮಾಸ್ತರರಿಗೆ ಹೇಳ್ತೇನೆ. ಇನ್ನು ಇಲ್ಲಿ ಇರುವವರ ಮಕ್ಕಳಿಗೆ ಮೊದಲ ಜಾಗ," ಎಂದು ಧನ್ಯಾಳ ಕೆನ್ನೆ ಮುಟ್ಟಿ ಹೊರಟುಹೋದರು.

ಅವರು ತಿರುವು ದಾಟಿದ್ದೇ ತಡ ಕೇರಿಯ ಬಾಯಿ ಒಮ್ಮೆಲೇ ಬಿಚ್ಚಿಕೊಂಡಿತು. ಸಂಜಯ ಮಹಾಗಣಪತಿಯನ್ನು ಹಿಟ್ಟುಮೈಯಲ್ಲೇ ಅಪ್ಪಿಕೊಂಡ. ಲಕ್ಕಿ ಉಳಿದ ಬಸಳೆಯನ್ನೆಲ್ಲ ಕಿತ್ತು ಒಂದು ಹೊರೆ ಕಟ್ಟಿ ಪವಿತ್ರಾಳ ಕೈಗಿಟ್ಟಳು. ಹುಂಜ ಕಂಬಳಿಯಿಂದ ಹೊರಬಂದು ಬೆಳಗಾಯಿತೆಂದು ಕೂಗಿತು. ಮಹಾಗಣಪತಿಗೆ ಸುಟ್ಟ ಬೆರಳಿನಿಂದ ಪಿನ್ನು ತೆಗೆಯಲಾಗದೆ ಪವಿತ್ರಾಳೇ ತೆಗೆದುಕೊಟ್ಟಳು. ಅವನು ಮುಂಗಡದ ಹಣವನ್ನು ಎರಡೂ ಕೈಯಲ್ಲಿ ಹಿಡಿದು, ದೇವರಿಗೆ ನೈವೇದ್ಯ ಇಡುವವರ ಹಾಗೆ ಬಗ್ಗಿ ಮಂಗಲಕ್ಕನ ಮುಂದೆ ಚಾಚಿದ.

ಮಂಗಲಕ್ಕ ಹಣ ನೋಡಿದಳು. ಆಮೇಲೆ ತನ್ನ ಹೆಂಚು ನೋಡಿದಳು, ಜಗಲಿ ನೋಡಿದಳು. ಅವಳ ಮುಖದಲ್ಲಿ ಆಸೆಗಿಂತ ಸಂಕೋಚವೇ ಜಾಸ್ತಿ ಇತ್ತು.

"ಬೆಳಿಗ್ಗೆ ಹೇಳಿದ್ದು ಕಿವುಡು ಮನೆ ರೇಟಲ್ವಾ ತಮ್ಮಾ," ಎಂದಳು.

ಮಹಾಗಣಪತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದವನು ಪ್ರವೀಣ. ಅವನು ಮಂಗಲಕ್ಕನನ್ನು ಬಾಳೆಯ ಹಿಂದೆ ಕರೆದುಕೊಂಡು ಹೋಗಿ ಮಾತಾಡಿ ಬಂದು, ಬಾವಿಕಟ್ಟೆಯ ಮೇಲೆ ಕುಕ್ಕರಿಸಿದ. ಹೊಸ ಬೆಲೆ ಹೇಳಿದ. ಅದು ಬೆಳಗಿನ ಬೆಲೆಯ ಮೂರು ಪಟ್ಟು ಇತ್ತು. ಗಂಟೆ ಮನೆಗಳ ಬೆಲೆ ಅದೇ ಆಗಿತ್ತು, ಅದರಲ್ಲಿ ಮಂಗಲಕ್ಕ ಒಂದು ಕಾಸನ್ನೂ ಹೆಚ್ಚು ಸೇರಿಸಿರಲಿಲ್ಲ.

"ಅಕ್ಕಾ, ಗಂಟೆ ಕೇಳೂ ಹಂಗೆ ಮಾಡಿದ್ದು ನಾನಲ್ವಾ?" ಎಂದ ಮಹಾಗಣಪತಿ.

"ನೀನೇ ಮಾರಾಯಾ. ಇಲ್ಲ ಹೇಳಿದ್ರೆ ದೇವರು ಮೆಚ್ಚೂದಿಲ್ಲ," ಎಂದು ಮಂಗಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರೆ ನೀನೇ ಹೇಳು, ಗಂಟೆ ಕೇಳೂ ಮನೆನ ಕಿವುಡು ಮನೆ ಹೇಳಿ ಹೆಂಗೆ ಮಾರೂದು? ನಾಳೆ ನನ್ನ ತಂಗಿ ಕೇಳಿದ್ರೆ ಎಂತ ಹೇಳ್ಲಿ?"

ಮಹಾಗಣಪತಿ ಸಂಜಯನ ಕಡೆ ತಿರುಗಿದ. ಗಿರಣಿಯ ಹಿಂದಿನ ಹಳೆಯ ಮನೆಯನ್ನು ಯಾರಾದರೂ ತೆಗೆದುಕೊಂಡರೆ ಸಾಕಾಗಿದೆ ಎಂದು ಸಂಜಯ ಮಧ್ಯಾಹ್ನವಷ್ಟೇ ಹೇಳಿದ್ದ. ಸಂಜಯ ಮೀಸೆಯ ಹಿಟ್ಟು ಕೊಡವಿಕೊಂಡು, "ಅದು ಈಗ ಗಂಟೆ ಮನೆ ಆತಲ್ಲ," ಎಂದು ಮೆತ್ತಗೆ ಹೇಳಿದ. ಹಿತ್ತಲಿನ ಎರಡು ಕೋಣೆ ಬಾಡಿಗೆಗೆ ಕೊಡುವ ಮಾತಾಡಿದ್ದ ಲಕ್ಕಿ, ಯಾರೂ ಕೇಳುವ ಮೊದಲೇ, ತನ್ನ ಮೊಮ್ಮಕ್ಕಳು ಇನ್ನು ಅಲ್ಲೇ ಇದ್ದು ಓದುತ್ತವೆ ಎಂದಳು. ಅವನ ಸುತ್ತ ನಿಂತಿದ್ದ ಪ್ರತಿಯೊಬ್ಬರೂ ಬೆಳಿಗ್ಗೆಗಿಂತ ಸಂಜೆಗೆ ಮೂರು ಪಟ್ಟು ದೊಡ್ಡವರಾಗಿದ್ದರು. ಒಂದೇ ದಿನದಲ್ಲಿ, ಬರೀ ಸುಮ್ಮನಿರುವುದರಿಂದ ಇಷ್ಟು ಐಶ್ವರ್ಯ ಬರಬಹುದೆಂದು ಮಹಾಗಣಪತಿ ಎಣಿಸಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು, ಆದರೆ ಅದಕ್ಕೂ ಮೊದಲು ಬೆರಗೇ ಬಂದುಬಿಟ್ಟಿತು.

ಪವಿತ್ರಾ ಮೊರದಿಂದ ತನ್ನ ಮೊಬೈಲು ಹೆಕ್ಕಿ ಚಾಲೂ ಮಾಡಿ ಹಳದೀಪುರಕ್ಕೆ ಫೋನು ಹಚ್ಚಿದಳು. ಆ ಕಡೆಯವರು ಹೇಳಿದ್ದನ್ನು ಕೇಳಿ ಮೆಲ್ಲಗೆ ಕೆಳಗಿಟ್ಟಳು. "ಬೇರೆ ಪಾರ್ಟಿ ಎದುರಿಗೇ ಕೂತಿತ್ತಂತೆ. ಮಧ್ಯಾಹ್ನದಿಂದ ಫೋನು ಮಾಡ್ತೇ ಇದ್ರಂತೆ. ಸ್ವಿಚ್ ಆಫ್ ಹೇಳಿ ಬಂತಂತೆ, ನಮಗೆ ಬೇಡ ಆತೇನ ಹೇಳಿ ಅವರಿಗೇ ಕೊಟ್ರಂತೆ," ಎಂದಳು.

ಧನ್ಯಾ ಅಪ್ಪನ ಹರಿದ ತೋಳು ಹಿಡಿದುಕೊಂಡಿದ್ದಳು. ಮೂವರೂ ಬಸಳೆ ಹೊರೆಯೊಂದಿಗೆ ಹೊರಟಾಗ ಕೇರಿಗೆ ಕೇರಿಯೇ ಗೇಟಿನವರೆಗೆ ಬೀಳ್ಕೊಡಲು ಬಂತು. ಮಂಗಲಕ್ಕ ತನ್ನ ಮರದ ಎರಡು ತೆಂಗಿನಕಾಯಿ ತಂದು ಮಹಾಗಣಪತಿಯ ಸುಟ್ಟ ಕೈಗೆ ನೋವಾಗದ ಹಾಗೆ ಕಂಕುಳಿಗೆ ಸಿಕ್ಕಿಸಿದಳು. ಅವಳ ಕಣ್ಣು ನಿಜವಾಗಿಯೂ ತುಂಬಿತ್ತು.

"ನಿನ್ನ ಉಪಕಾರ ಈ ಕೇರಿ ಮರೆಯೂದಿಲ್ಲ ತಮ್ಮಾ," ಎಂದಳು. "ಮಗಳನ್ನ ಕರ್ಕಂಡು ಆಗಾಗ ಬರ್ತಾ ಇರು. ಅಂಗಳದಲ್ಲಿ ಕೂತು ಗಂಟೆ ಕೇಳ್ಕಂಡು ಹೋಗು. ಅದಕ್ಕೆ ನಿನ್ನ ಹತ್ರ ಒಂದ್ ರೂಪಾಯಿ ತಗೊಳೂದಿಲ್ಲ."